ಪಿಂಜಾರ ಬಾಬುಮಿಯಾ ಕರಾಚಿಗೆ ಹೋಗಿಲ್ಲ ಎಂಬ ಬಗ್ಗೆ ಬಳೆಗಾರ ಹಾವಗೆಪ್ಪನ ಹೇಳಿಕೆ

ನಾನು, ಹಾವಗೆಪ್ಪ ತಂದೆ ಶಿವರಾಜಪ್ಪ ಬಳೆಗಾರ, ವಯಸ್ಸು ಐವತ್ತೆಂಟು ಇರಬಹುದು, ಉದ್ಯೋಗ ಊರೂರು ತಿರುಗಿ ಬಳೆ ತೊಡಿಸುವುದು, ವಾಸ ಭಾಲ್ಕಿ ಹಳೆ ಪೇಟೆ, ಜಿಲ್ಲೆ ಬೀದರ್, ಹೈದರಾಬಾದ್ ರಾಜ್ಯ. ಇಂದು ತಾರೀಖು 10-7-1953, ಶುಕ್ರವಾರ, ಬೆಳಿಗ್ಗೆ 10 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಭಾಲ್ಕಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಕೆಳಗಿನವಾಡಿಯ ಪಿಂಜಾರ ಬಾಬುಮಿಯಾ ಎಂಬಾತ 1948ನೇ ಸಾಲಿನಲ್ಲಿ ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕರಾಚಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ನಾನು ತಾರೀಖು 20-11-1951ರಂದು ಊರ ಚಾವಡಿಯಲ್ಲಿ ಹೇಳಿಕೆ ಕೊಟ್ಟು ಸಹಿ ಮಾಡಿರುತ್ತೇನೆ. ಅದು ಸುಳ್ಳು. ಹೇಳಿಕೆಯನ್ನು ಉರ್ದುವಿನಲ್ಲಿ ಬರೆದಿದ್ದರು, ನನಗೆ ಉರ್ದು ಬರುವುದಿಲ್ಲ. ಆದರೆ ಆ ನೆಪ ಹೇಳಲು ನಾನು ಬಂದಿಲ್ಲ. ಓದಿ ಹೇಳಿದ್ದರು, ಪೂರಾ ತಿಳಿದೇ ಸಹಿ ಹಾಕಿದ್ದೇನೆ. ಆ ಕಾಗದದ ಆಧಾರದ ಮೇಲೆ ಬಾಬುಮಿಯಾನ ಹೆಂಡತಿ ಹುಸೇನಬಿ ಮತ್ತು ನಾಲ್ಕೂವರೆ ವರ್ಷದ ಮಗಳು ಪಾಕಿಸ್ತಾನದವನ ಕುಟುಂಬ ಎಂದು ಪಟ್ಟಿಗೆ ಸೇರಿದ್ದಾರೆ. ಇನ್ನು ಏಳು ದಿನದಲ್ಲಿ ಅವರ ಮನೆಗೆ ಸರ್ಕಾರದ ಬೀಗ ಬೀಳುತ್ತದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಸುತ್ತಿದ್ದೇನೆ.

ಕೆಳಗಿನವಾಡಿ ಭಾಲ್ಕಿಯಿಂದ ಐದು ಮೈಲಿ, ಭಾತಂಬ್ರಾ ದಾರಿಯಿಂದ ಎಡಕ್ಕೆ ಇಳಿಯಬೇಕು. ನನ್ನ ತಿರುಗಾಟದಲ್ಲಿ ಆ ಊರಿಗೆ ಭಾನುವಾರ ಗೊತ್ತಾದ ದಿನ. ಬಾಬುಮಿಯಾನ ಮನೆ ಊರ ಮೂಡಲ ತುದಿಯಲ್ಲಿದೆ. ಮಣ್ಣಿನ ಗೋಡೆ, ಎರಡು ಅಂಕಣ, ಮುಂದೆ ಕಟ್ಟೆ. ಇಪ್ಪತ್ತು ವರ್ಷದಿಂದ ನಾನು ಬಳೆಯ ಮಲಾರ ಇಳಿಸುವುದು ಆ ಕಟ್ಟೆಯ ಮೇಲೆಯೇ. ಒಳಗೆ ಅವನು ಬಿಲ್ಲು ಬಡಿದು ಹತ್ತಿ ಹಿಂಜುತ್ತಿದ್ದ, ಹೊರಗೆ ನಾನು ಹೆಣ್ಣುಮಕ್ಕಳಿಗೆ ಬಳೆ ಏರಿಸುತ್ತಿದ್ದೆ. ಅವನ ಬಿಲ್ಲಿನ ಸದ್ದಿಗೆ ನನ್ನ ಗಿರಾಕಿಗಳು ಹೇಳಿದ್ದು ಕೇಳುತ್ತಿರಲಿಲ್ಲ, ಅದಕ್ಕೆ ವಾರವಾರವೂ ಜಗಳವಾಡುತ್ತಿದ್ದೆವು. ನೀ ಗಾಜು ಮಾರಾವ, ನಿನಗ ಕಿವಿ ಯಾಕ ಬೇಕು ಎಂದು ಅವನು ಚೇಷ್ಟೆ ಮಾಡುತ್ತಿದ್ದ. ಬರೆದುಕೊಳ್ಳುತ್ತಿರುವ ಜಮಾದಾರ ಮಲ್ಲಿಕಾರ್ಜುನಪ್ಪನವರು ಇದೆಲ್ಲ ಬೇಡ, ಮುಂದೆ ಹೇಳು ಎನ್ನುತ್ತಾರೆ. ಬೇಕು. ಅವನ ಹೆಸರು ಎರಡು ವರ್ಷದಿಂದ ಬರೀ ಪಟ್ಟಿಯಲ್ಲಿದೆ. ಮನುಷ್ಯ ಹೇಗಿದ್ದ ಎಂದು ಒಂದು ಕಡೆಯಾದರೂ ಬರೆದಿರಬೇಕು.

1948ರ ಏಪ್ರಿಲ್ ತಿಂಗಳಲ್ಲಿ, ಆಗಿನ ಫಸಲಿ ಲೆಕ್ಕಕ್ಕೆ ಖುರ್ದಾದದಲ್ಲಿ, ರಜಾಕಾರರು ಕೆಳಗಿನವಾಡಿಗೆ ಬಂದು ಆರು ಮನೆ ಸುಟ್ಟರು. ಕೂಲಿ ಮಾಡುವ ಕಾಶೀರಾಮ ಎಂಬವನನ್ನು ಹುಡುಕಿದರು, ಅವನು ಗಡಿ ದಾಟಿ ಬಾರ್ಶಿಯ ಹೋರಾಟಗಾರರ ಕ್ಯಾಂಪಿಗೆ ಸುದ್ದಿ ಒಯ್ಯುತ್ತಾನೆಂದು ಅವರಿಗೆ ಗುಮಾನಿ. ಬಾಬುಮಿಯಾ ಅವನನ್ನು ತನ್ನ ಮನೆಯ ಹತ್ತಿಯ ರಾಶಿಯೊಳಗೆ ಮಲಗಿಸಿ, ಬಾಗಿಲಿಗೇ ಬಿಲ್ಲು ತಂದು ಹತ್ತಿ ಹಿಂಜತೊಡಗಿದ. ಹಾರುವ ಅರಳೆಗೆ ಉಸಿರು ಕಟ್ಟಿ ಬಂದವರು ಮೂಗು ಮುಚ್ಚಿಕೊಂಡು ಹೊರಗಿನಿಂದಲೇ ಹೋದರು. ಇದು ನಾನು ಕಂಡದ್ದಲ್ಲ, ಕಾಶೀರಾಮ ಹೇಳಿದ್ದು. ಅವನು ಹೊರಗೆ ಕೂತಿದ್ದಾನೆ, ಕೇಳಬಹುದು.

ಅದೇ ವರ್ಷ ಸೆಪ್ಟೆಂಬರ್ 12, ಭಾನುವಾರ, ಮಧ್ಯಾಹ್ನ ಸುಮಾರು 2 ಗಂಟೆಗೆ ಹುಸೇನಬಿಗೆ ಏಳು ತಿಂಗಳ ಬಸಿರಿನ ಶಾಸ್ತ್ರ ಮಾಡಿದರು. ಅವರಲ್ಲಿ ಅದಕ್ಕೆ ಸಾತ್ವಾಸಾ ಎನ್ನುತ್ತಾರೆ, ನಮ್ಮಲ್ಲೂ ಕುಬಸ ಮಾಡುವುದಿಲ್ಲವೇ, ಹಾಗೆ. ಕೈಗೆ ಹನ್ನೆರಡರಂತೆ ಇಪ್ಪತ್ತನಾಲ್ಕು ಹಸಿರು ಬಳೆ ನಾನೇ ಏರಿಸಿದೆ. ಬಾಬುಮಿಯಾ ಬಿಲ್ಲು ಬದಿಗಿಟ್ಟು ನಗುತ್ತ ನಿಂತಿದ್ದ. ಮಾರನೇ ದಿನ ಇಂಡಿಯಾ ಯೂನಿಯನ್ ಫೌಜು ಬಂದಿತು. ಐದು ದಿನಕ್ಕೆ ನಿಜಾಮರ ರಾಜ್ಯ ಮುಗಿಯಿತು. ಆಮೇಲೆ ಹಳ್ಳಿಗಳಲ್ಲಿ ಆದದ್ದು ಜಿಲ್ಲೆಗೆಲ್ಲ ಗೊತ್ತು, ಅಂಗೈ ಹುಣ್ಣಿಗೆ ಕನ್ನಡಿ ಬೇಡ. ರಜಾಕಾರರು ಓಡಿಹೋಗಿದ್ದರು. ಓಡದೆ ಮನೆಯಲ್ಲಿದ್ದ ಮುಸಲ್ಮಾನರು ಸೇಡಿಗೆ ಸಿಕ್ಕರು.

ಸೆಪ್ಟೆಂಬರ್ 22, ಬುಧವಾರ, ದಾರಿ ತೆರೆಯಿತೆಂದು ಕೇಳಿ ಬೆಳಿಗ್ಗೆ 6 ಗಂಟೆಗೆ ಭಾಲ್ಕಿ ಬಿಟ್ಟೆ. ಎಂಟರ ಸುಮಾರಿಗೆ ಊರ ಮೂಡಲಿಗಿರುವ ಮುರ್ರಂ ಮಣ್ಣು ತೆಗೆದ ಕುಣಿಯ ಬಳಿ ಕಾಶೀರಾಮ ಒಬ್ಬನೇ ಕೂತು ನಾಯಿಗಳಿಗೆ ಕಲ್ಲು ಬೀಸುತ್ತಿದ್ದ. ಕುಣಿಯಲ್ಲಿ ಮೂರು ಹೆಣ ಇದ್ದವು. ಇಬ್ಬರು ಯಾರೋ ಪರಸ್ಥಳದವರು. ಮೂರನೆಯವನು ಬಾಬುಮಿಯಾ. ಮುಖ ಕೆಟ್ಟಿರಲಿಲ್ಲ, ಗುರುತು ಹಿಡಿಯುವುದರಲ್ಲಿ ಸಂಶಯವೇ ಇಲ್ಲ. ಕುತ್ತಿಗೆಯ ಎಡಕ್ಕೆ ಕೊಡಲಿಯ ಗಾಯ ಇತ್ತು. ಹುಬ್ಬಿಗೆ ಇನ್ನೂ ಅರಳೆ ಅಂಟಿತ್ತು. ಹಿಂದಿನ ದಿನ ಹೊತ್ತು ಮುಳುಗುವ ಮುಂಚೆ ಯಾರೋ ಹಾಸಿಗೆ ಹಿಂಜುವುದಿದೆ ಎಂದು ಮನೆಯಿಂದ ಕರೆದುಕೊಂಡು ಹೋದರಂತೆ. ಅವನಿಗೆ ಆ ಗದ್ದಲದಲ್ಲೂ ಕೆಲಸ ಸಿಕ್ಕಿತೆಂಬ ಸಂತೋಷ ಇದ್ದಿರಬೇಕು.

ಕೊಂದವರು ಯಾರು ಎಂದು ಇನ್ಸ್‌ಪೆಕ್ಟರ್ ಸಾಹೇಬರು ಮೂರು ಸಲ ಕೇಳಿದರು. ಕೊಲ್ಲುವುದನ್ನು ನಾನು ನೋಡಿಲ್ಲ. ನಂತರ ಕಿವಿಗೆ ಬಿದ್ದ ಎರಡು ಹೆಸರಿವೆ. ಅದರಲ್ಲಿ ಒಬ್ಬನು ನಮ್ಮ ಬಳಗದವನು. ಎರಡನ್ನೂ ಬೇರೆ ಕಾಗದದ ಮೇಲೆ ಬರೆಸಿ ಕೊಡುತ್ತೇನೆ. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದರೆ ಹೆದರಿಕೆ, ಬೇರೆ ಏನೂ ಇಲ್ಲ.

ನಾನು ಮತ್ತು ಕಾಶೀರಾಮ ಮೂವರನ್ನೂ ಅದೇ ಕುಣಿಯಲ್ಲಿ ಮಣ್ಣು ಮಾಡಿದೆವು. ನನ್ನ ಧೋತರದಲ್ಲಿ ಅರ್ಧ ಹರಿದು ಬಾಬುಮಿಯಾನ ಮೇಲೆ ಹೊದಿಸಿದೆ. ಅವರಲ್ಲಿ ತಲೆ ಬಡಗಲಿಗೆ, ಮುಖ ಪಡುವಲಿಗೆ ಎಂದು ಕಾಶೀರಾಮ ನೆನಪು ಮಾಡಿದ, ಹಾಗೇ ಮಲಗಿಸಿದೆವು. ಅವರ ಪ್ರಾರ್ಥನೆ ಓದುವುದು ಇಬ್ಬರಿಗೂ ಬರುತ್ತಿರಲಿಲ್ಲ. ಹತ್ತು ಗಂಟೆಗೆ ಮುಗಿಯಿತು. ಹೆಂಡತಿಗೆ ಹೇಳಿ ಬಾ ಎಂದು ಕಾಶೀರಾಮನಿಗೆ ಹೇಳಿದೆ. ಅವನು ನೆಲಕ್ಕೆ ಕೂತವನು ಏಳಲಿಲ್ಲ.

ಇಲ್ಲಿ ನಮ್ಮ ಉದ್ಯೋಗದ ಒಂದು ಕಟ್ಟಳೆ ಹೇಳಬೇಕು. ಬಳೆಗಾರನ ಬಾಯಿಂದ ಸಾವಿನ ಸುದ್ದಿ ಬರಬಾರದು. ತೊಡಿಸುವಾಗ ಒಂದು ಬಳೆ ಒಡೆದರೂ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಗಂಡ ಸತ್ತ ಮನೆಯ ಓಣಿಯಲ್ಲಿ ಹನ್ನೊಂದು ದಿನ ಕಾಲಿಡುವುದಿಲ್ಲ. ನಾನು ಏರಿಸಿದ ಬಳೆಯನ್ನು ಇಳಿಸುವ ಮಾತು ನಾನೇ ಆಡುವಂತಿಲ್ಲ. ನಮ್ಮಪ್ಪ ಆಡಿರಲಿಲ್ಲ, ಅವರಪ್ಪ ಆಡಿರಲಿಲ್ಲ. ಅಂಥವನು ಆ ಬಾಗಿಲಿಗೆ ಹೋದೆ. ಹುಸೇನಬಿ ಹೊಸ್ತಿಲಲ್ಲಿ ನಿಂತಿದ್ದಳು. ಏಳು ತಿಂಗಳ ಹೊಟ್ಟೆ, ಹತ್ತು ದಿನದ ಹಸಿರು ಬಳೆ. ಅವರನ್ನು ಕಂಡಿರೇನು ಕಾಕಾ ಎಂದು ಕೇಳಿದಳು. ಕಂಡೆ ಎಂದೆ. ಎಲ್ಲಿ ಎಂದಳು. ನಿನ್ನೆ ರಾತ್ರಿ ಭಾಲ್ಕಿ ಸ್ಟೇಷನ್ನಿನಲ್ಲಿ, ಹತ್ತು ಗಂಟೆಯ ರೈಲು ಹತ್ತಿದ, ಕರಾಚಿಗೆ ಹೋಗುತ್ತೇನೆ, ನೆಲೆಯಾದ ಮೇಲೆ ಕರೆಸಿಕೊಳ್ಳುತ್ತೇನೆ ಎಂದ ಎಂದುಬಿಟ್ಟೆ.

ಕರಾಚಿ ಯಾಕೆ ಬಾಯಿಗೆ ಬಂದಿತು ಎಂದು ಸಾಹೇಬರು ಕೇಳುತ್ತಾರೆ. ಆ ವಾರ ಸ್ಟೇಷನ್ನಿನಲ್ಲಿ ಅದೇ ಹೆಸರು ಎಲ್ಲರ ಬಾಯಲ್ಲಿತ್ತು. ಹೈದರಾಬಾದ್ ಎಂದಿದ್ದರೆ ಆಕೆ ಬಸಿರು ಹೊತ್ತುಕೊಂಡೇ ಹುಡುಕಲು ಹೋಗುತ್ತಿದ್ದಳು, ಬೀದರ್ ಎಂದಿದ್ದರೆ ನಡೆದೇ ಹೋಗುತ್ತಿದ್ದಳು. ಹುಡುಕಲು ಆಗದಷ್ಟು ದೂರದ ಊರು ಬೇಕಾಗಿತ್ತು, ನನಗೆ ಗೊತ್ತಿದ್ದ ದೂರದ ಊರು ಅದೊಂದೇ. ಹೆರಿಗೆಯಾಗಲಿ, ಆಮೇಲೆ ಯಾರಾದರೂ ಹೇಳುತ್ತಾರೆ ಎಂದುಕೊಂಡೆ. ಡಿಸೆಂಬರದಲ್ಲಿ ಹೆಣ್ಣು ಮಗು ಆಯಿತು. ಯಾರೂ ಹೇಳಲಿಲ್ಲ. ಊರವರಿಗೆ ನನ್ನ ಸುಳ್ಳು ಅನುಕೂಲವೇ ಆಯಿತು. ಪಿಂಜಾರ ಎಲ್ಲಿ ಎಂದರೆ ಕರಾಚಿಗೆ ಹೋದ ಎಂದರಾಯಿತು, ಕೊಂದವನೂ ಹಾಗೇ ಹೇಳಿದ, ನೋಡಿದವನೂ ಹಾಗೇ ಹೇಳಿದ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ನನ್ನ ಸುಳ್ಳು ಕರಾಚಿ ತನಕ ನಡೆಯಿತು.

ಅಂದಿನಿಂದ ಪ್ರತಿ ಹಬ್ಬಕ್ಕೂ ಹುಸೇನಬಿಗೆ ಹೊಸ ಬಳೆ ನಾನೇ ಏರಿಸಿದ್ದೇನೆ. ಆಕೆ ಗಂಡನ ಬಿಲ್ಲನ್ನು ತಾನೇ ಹಿಡಿದು, ಹೆಂಗಸು ಹತ್ತಿ ಹಿಂಜುವುದೇ ಎಂದು ನಕ್ಕವರ ಮುಂದೆಯೇ ಹಿಂಜಿ, ಮಗಳನ್ನು ಸಾಕಿದ್ದಾಳೆ. 1951ರಲ್ಲಿ ಜನಗಣತಿಯವರು ಬಂದಾಗ ಗಂಡ ಕರಾಚಿಯಲ್ಲಿದ್ದಾರೆ, ಬದುಕಿದ್ದಾರೆ ಎಂದು ಎದೆಯೆತ್ತಿ ಬರೆಸಿದಳು. ಅದರ ಬೆನ್ನಿಗೇ, ಪಾಕಿಸ್ತಾನಕ್ಕೆ ಹೋದವರ ಮನೆಮಾರು ವಶ ಮಾಡಿಕೊಳ್ಳುವ ನಿರ್ವಾಸಿತರ ಆಸ್ತಿಯ ಕಚೇರಿಯವರು ಬಂದರು. ಗಂಡ ಹೋದದ್ದಕ್ಕೆ ಸಾಕ್ಷಿ ಯಾರು ಎಂದರು. ಆಕೆ ನನ್ನ ಹೆಸರು ಹೇಳಿದಳು. ಚಾವಡಿಗೆ ಕರೆಸಿದರು. ಆಕೆ ಎದುರಿಗೆ ನಿಂತಿದ್ದಳು, ನಾನು ಏರಿಸಿದ ಬಳೆ ಕೈಯಲ್ಲಿದ್ದವು. ನಾನು ಸಹಿ ಹಾಕಿದೆ. ಆ ಸಹಿಯಿಂದ ಮನೆ ಹೋಗುತ್ತದೆ ಎಂದು ನನಗೆ ತಿಳಿದಿರಲಿಲ್ಲ, ಇದು ಮಾತ್ರ ನಿಜ.

ಇದೇ ವರ್ಷ ಜೂನ್ 17, ಬುಧವಾರ, ರಮಜಾನ್ ಹಬ್ಬ ಮುಗಿದು ವಾರವೂ ಆಗಿರಲಿಲ್ಲ, ಹುಸೇನಬಿಯ ಬಾಗಿಲಿಗೆ ಎರಡು ಕಾಗದ ಅಂಟಿಸಿದರು. ಒಂದರಲ್ಲಿ ಮೂವತ್ತು ದಿನದಲ್ಲಿ ಮನೆ ಖಾಲಿ ಮಾಡಬೇಕು ಎಂದಿತ್ತು. ಇನ್ನೊಂದರಲ್ಲಿ, ಪಾಕಿಸ್ತಾನದ ನಿವಾಸಿಯ ಹೆಂಡತಿಯಾದ್ದರಿಂದ ತಾನೂ ಮಗಳೂ ಈ ದೇಶದಲ್ಲಿರಲು ಏನು ಕಾಗದ ಇದೆ ತೋರಿಸಬೇಕು, ಇಲ್ಲದಿದ್ದರೆ ಗಡಿಯಾಚೆ ಕಳಿಸಲಾಗುವುದು ಎಂದಿತ್ತು. ಆಕೆಯ ಬಳಿ ಯಾವ ಕಾಗದವೂ ಇಲ್ಲ. ನಿಕಾಹ್ ಬರೆದಿದ್ದ ಕಾಜಿಯ ಪುಸ್ತಕ ಆ ಗದ್ದಲದಲ್ಲಿ ಸುಟ್ಟುಹೋಯಿತು. ಹುಟ್ಟಿದ್ದು ಔರಾದ್ ತಾಲೂಕಿನ ಸಂತಪುರ, ಅದಕ್ಕೂ ಕಾಗದ ಇಲ್ಲ. ಹಾಗೆ ನೋಡಿದರೆ ನಾನು ಹುಟ್ಟಿದ್ದಕ್ಕೂ ಕಾಗದ ಇಲ್ಲ, ಬರೆದುಕೊಳ್ಳುತ್ತಿರುವ ಜಮಾದಾರರದ್ದು ಇದೆಯೋ ಇಲ್ಲವೋ ಅವರೇ ಹೇಳಬೇಕು. ನಮ್ಮನ್ನು ಯಾರೂ ಕೇಳಿಲ್ಲ.

ಜುಲೈ 5, ಭಾನುವಾರ, ಮಧ್ಯಾಹ್ನ 12 ಗಂಟೆಗೆ ಕೆಳಗಿನವಾಡಿಗೆ ಹೋದೆ. ಸಂತಪುರದಿಂದ ಆಕೆಯ ಅಣ್ಣ ಅಮೀರ ಪಾಶಾ ಬಂದು ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. ಕಚೇರಿಗೆ ಅರ್ಜಿ ಬರೆಸೋಣ, ವಕೀಲರನ್ನು ಕಾಣೋಣ ಎಂದರೆ ತಂಗಿ ಒಪ್ಪುತ್ತಿಲ್ಲ ಎಂದು ನನ್ನ ಮುಂದೆ ಅತ್ತುಕೊಂಡ. ಒಳಗೆ ಹುಸೇನಬಿ ಗಂಟು ಕಟ್ಟಿ ಮುಗಿಸಿದ್ದಳು. ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ನಾನು ಐದು ವರ್ಷದಲ್ಲಿ ಆಕೆಯ ಮುಖ ಅಷ್ಟು ಅರಳಿದ್ದು ನೋಡಿರಲಿಲ್ಲ. ಆಕೆ ಎರಡೂ ಕೈ ಮುಂದೆ ಚಾಚಿ ಹೇಳಿದ್ದನ್ನು ಇದ್ದ ಹಾಗೆ ಬರೆಸುತ್ತೇನೆ:

"ಕಳಸ್ಲಿ ಬಿಡ್ರಿ ಕಾಕಾ. ಸರ್ಕಾರದ ಖರ್ಚಿನ್ಯಾಗ ಅವರ ಹತ್ರನೇ ಹೋಗ್ತೇನಿ. ಹಸರ ಬಳಿ ಏರಸ್ರಿ. ಐದು ವರ್ಷದ ಮ್ಯಾಲ ನೋಡ್ತಾರ, ಕೈ ಛಂದ ಕಾಣಬೇಕು."

ಮಲಾರದಿಂದ ಹಸಿರು ಬಳೆ ತೆಗೆದೆ. ಮೊದಲನೆಯದು ಬೆರಳ ಗೆಣ್ಣು ದಾಟುವುದರೊಳಗೆ ಒಡೆಯಿತು. ಇನ್ನೊಂದು ತೆಗೆದೆ, ಅದೂ ಒಡೆಯಿತು. ಮೂರನೆಯದೂ ಒಡೆಯಿತು. ನಲವತ್ತು ವರ್ಷದ ಉದ್ಯೋಗದಲ್ಲಿ ನನ್ನ ಕೈ ಹೀಗೆ ಕೆಟ್ಟದ್ದಿಲ್ಲ. ಅಳತೆ ಸರಿಯಿಲ್ಲ, ಬುಧವಾರ ಬೇರೆ ತರುತ್ತೇನೆ ಎಂದು ಹೇಳಿ ಎದ್ದು ಬಂದೆ. ದಾರಿಯಲ್ಲಿ ಭಾತಂಬ್ರಾದ ಗಿರಾಕಿಗಳು ಕರೆದರೂ ನಿಲ್ಲಲಿಲ್ಲ.

ಆ ಸಂಜೆ ನನ್ನ ಹೆಂಡತಿ ಗುರಮ್ಮನಿಗೆ ಎಲ್ಲ ಹೇಳಿದೆ. ಐದು ವರ್ಷ ಆಕೆಗೂ ಹೇಳಿರಲಿಲ್ಲ. ಹೆಂಗಸರ ಮಾತು ಹೆಂಗಸರೇ ಹೇಳಬೇಕು, ನೀನು ಹೋಗಿ ಹೇಳಿ ಬಾ, ನನಗೆ ಕಟ್ಟಳೆ ಇದೆ ಎಂದೆ. ಗುರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಬಸವಣ್ಣನ ಹೆಸರು ಹೇಳಿಕೊಂಡು ಉಣ್ಣುವ ಬಾಯಿಗೆ ಇಷ್ಟು ದಿನ ಈ ಸುಳ್ಳು ಹೇಗೆ ರುಚಿಸಿತು ಎಂದು ಕೇಳಿದಳು. ಆಮೇಲೆ, "ನೀವ ಏರಸೀರಿ, ನೀವ ಇಳಸ್ರಿ" ಎಂದಳು.

ಜುಲೈ 8, ಬುಧವಾರ, ಬೆಳಿಗ್ಗೆ 9 ಗಂಟೆಗೆ ಮಲಾರ ಮನೆಯಲ್ಲೇ ಬಿಟ್ಟು, ಕಾಶೀರಾಮನನ್ನು ಕರೆದುಕೊಂಡು ಹುಸೇನಬಿಯ ಮನೆಗೆ ಹೋದೆ. ಬರಿಗೈಯಲ್ಲಿ ಬಂದದ್ದನ್ನು ನೋಡಿಯೇ ಆಕೆಯ ಮುಖ ಇಳಿಯಿತು. ಕಟ್ಟೆಯ ಮೇಲೆ ಕೂರದೆ ಅಂಗಳದಲ್ಲಿ ನಿಂತೇ ಹೇಳಿದೆ. ಮೊದಲಿನಿಂದ ಕೊನೆಯ ತನಕ ಹೇಳಿದೆ. ಅಮೀರ ಪಾಶಾ ಗೋಡೆಗೆ ಹಣೆ ಹಚ್ಚಿ ಅತ್ತನು. ಹುಸೇನಬಿ ಅಳಲಿಲ್ಲ. ಕಾಶೀರಾಮನ ಕಡೆ ನೋಡಿ ಹೌದೇ ಎಂದಳು. ಅವನು ಗೋಣು ಹಾಕಿದನು. ಆಮೇಲೆ ನನಗೆ ಹೇಳಿದಳು:

"ಐದು ವರ್ಷಾ ನಿಮ್ಮ ಕೈಯಾಗ ಕೈ ಕೊಟ್ಟೀನಿ. ಒಂದು ದಿನಾನೂ ನಿಮ್ಮ ಕೈ ನಡಗಲಿಲ್ಲಲ್ರಿ ಕಾಕಾ."

ಬಳೆಗಾರನ ಕೈ ನಡುಗಬಾರದೆಂದು ಚಿಕ್ಕಂದಿನಲ್ಲಿ ಅಪ್ಪ ಬಡಿದು ಕಲಿಸಿದ್ದ, ಅದನ್ನು ಆಕೆಗೆ ಹೇಳಲು ನಾಚಿಕೆಯಾಯಿತು.

ಆಕೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದಳು. ನಾವು ಮೂವರು ಅಂಗಳದಲ್ಲೇ ನಿಂತೆವು. ಆಕೆ ಹೊರಗೆ ಬರುವಾಗ 12 ಗಂಟೆ ಆಗಿತ್ತು. ಕಟ್ಟಿದ್ದ ಗಂಟು ಬಿಚ್ಚಿ ಹಾಕಿದ್ದಳು. ಬಳೆ ಕೈಯಲ್ಲೇ ಇದ್ದವು. ಅಣ್ಣ ಈಗ ತೆಗೆಯಬೇಕು ತಂಗಿ ಎಂದದ್ದಕ್ಕೆ, ಮೊದಲು ಅವರನ್ನು ನೋಡಿ ಬರುತ್ತೇನೆ ಎಂದಳು. ಮಗಳನ್ನು ಅಣ್ಣನ ಬಳಿ ಬಿಟ್ಟು, ಜಾಗ ತೋರಿಸಿರಿ ಎಂದು ನನ್ನ ಮುಂದೆ ನಡೆದಳು.

ಕುಣಿಯ ಮೇಲೆ ಈಗ ಜಾಲಿ ಬೆಳೆದಿದೆ. ಕಾಶೀರಾಮ ಬೆರಳು ಮಾಡಿ ಯಾವ ಮಗ್ಗುಲು ಎಂದು ತೋರಿಸಿದನು. ಹುಸೇನಬಿ ಅಲ್ಲಿಂದ ಹಿಂತಿರುಗಿ ತನ್ನ ಮನೆಯ ಕಡೆ ನೋಡಿದಳು. ಅಂಗಳದಲ್ಲಿ ಮಗಳು ಆಡುವುದು ಅಲ್ಲಿಗೆ ಕಾಣುತ್ತಿತ್ತು. "ಇಷ್ಟು ಹತ್ರ ಇದ್ರೇನ್ರಿ? ನಾ ದಿನಾ ಕೊಡ ಹೊತ್ತು ಇಲ್ಲೇ ದಾಟಿ ಹೋಗ್ತಿದ್ದೆ" ಎಂದಳು. ಆಮೇಲೆ ಜಾಲಿಯ ಮುಳ್ಳಿನಲ್ಲೇ ಕೂತು ಅತ್ತಳು. ನಾನೂ ಅತ್ತೆ. ಕಾಶೀರಾಮನೂ ಅತ್ತನು. ಒಂದು ತಾಸು ಹಾಗೇ ಇದ್ದೆವು.

ಅಲ್ಲೇ ಕೂತು ಆಕೆ ಎರಡೂ ಕೈ ನನಗೆ ಚಾಚಿದಳು. ನಮ್ಮ ಕುಲದಲ್ಲಿ ಯಾರೂ ಮಾಡದ ಕೆಲಸವನ್ನು ನಾನು ಮಾಡಿದೆ. ಒಂದೂ ಒಡೆಯದ ಹಾಗೆ ಇಳಿಸಿದೆ. ಇಳಿಸಿ ಆಕೆಯ ಸೆರಗಿಗೆ ಹಾಕಿದೆ.

ಠಾಣೆಗೆ ಹೋಗಿ ಹೇಳುತ್ತೇನೆ, ನನಗೆ ಜೇಲು ಆದರೂ ಆಗಲಿ ಎಂದು ಆಕೆಗೆ ಮಾತು ಕೊಟ್ಟೆ. ಆಕೆಯೂ ಬಂದು ಹೊರಗೆ ಕೂತಿದ್ದಾಳೆ, ಬರಿಗೈ ತೋರಿಸಲು ತಯಾರಿದ್ದಾಳೆ. ನಾಳೆ ಪಂಚನಾಮೆಗೆ ಕುಣಿ ಅಗೆಯುತ್ತೇವೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದಾರೆ. ಅಗೆಯುವಾಗ ಒಬ್ಬ ಮೌಲ್ವಿ ಇರಬೇಕು, ಅಂದು ಓದದೆ ಬಿಟ್ಟದ್ದನ್ನು ಮೂವರಿಗೂ ಓದಬೇಕು, ಮತ್ತೆ ಅಲ್ಲೇ ಮಣ್ಣು ಕೊಡಬೇಕು ಎಂಬುದು ಆಕೆಯ ಅರಿಕೆ. ನನ್ನದೂ ಅದೇ.

ಸ್ಥಳ ಎಷ್ಟು ದೂರ, ಅಂದಾಜು ಬೇಡ, ಸರಿಯಾಗಿ ಹೇಳು ಎಂದು ಸಾಹೇಬರು ಕೇಳಿದರು. ಅಂದಾಜಿನದ್ದಲ್ಲ. ಮರಳುವಾಗ ಹುಸೇನಬಿ ಒಂದೊಂದೇ ಹೆಜ್ಜೆ ಎಣಿಸುತ್ತ ಬಂದಳು, ತಪ್ಪದಿರಲೆಂದು ನಾನೂ ಎಣಿಸಿದೆ. ಕುಣಿಯಿಂದ ಬಾಬುಮಿಯಾನ ಮನೆಯ ಹೊಸ್ತಿಲಿಗೆ ನಾನೂರ ಹನ್ನೆರಡು ಹೆಜ್ಜೆ. ಅವನು ದೇಶ ಬಿಟ್ಟು ಹೋದ ದೂರ ಅಷ್ಟೇ, ಅದನ್ನೇ ಪಟ್ಟಿಯಲ್ಲಿ ಕರಾಚಿ ಎಂದು ಬರೆದ ಜಾಗದಲ್ಲಿ ಬರೆದುಕೊಳ್ಳಬೇಕು.

ಈ ಹೇಳಿಕೆಯನ್ನು ನಾನು ಕೇಳಿಕೊಂಡ ಮೇರೆಗೆ ಕನ್ನಡದಲ್ಲಿ ಬರೆದು, ನನಗೂ ಹೊರಗಿದ್ದ ಹುಸೇನಬಿಗೂ ಓದಿ ಹೇಳಿದರು. ನಾನು ಹೇಳಿದ್ದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ, ಈ ಸಲ ಎಲ್ಲವೂ ಸತ್ಯ.

ಸ್ಥಳ: ಭಾಲ್ಕಿ
ತಾರೀಖು: 10-7-1953, ಮಧ್ಯಾಹ್ನ 1 ಗಂಟೆ 20 ನಿಮಿಷ

ಸಹಿ: ಹಾವಗೆಪ್ಪ ಶಿವರಾಜಪ್ಪ ಬಳೆಗಾರ
ಸಾಕ್ಷಿ: ಕಾಶೀರಾಮ, ಕೆಳಗಿನವಾಡಿ, ಎಡಗೈ ಹೆಬ್ಬೆಟ್ಟು
ಓದಿಸಿ ಕೇಳಿದವರು: ಹುಸೇನಬಿ ಗಂಡ ದಿವಂಗತ ಬಾಬುಮಿಯಾ ಪಿಂಜಾರ, ವಾಸ ಕೆಳಗಿನವಾಡಿ, ಎಡಗೈ ಹೆಬ್ಬೆಟ್ಟು